ಸಬ್ಬತ್ತಿನ ಮನೆ ಎಷ್ಟು ಬೆಚ್ಚಗಿರಬೇಕು?

ಯೆಹೂದ್ಯರ ಮನೆಗಳಲ್ಲಿ ಬೆಂಕಿ ವಾರಕ್ಕೊಮ್ಮೆ ಧರ್ಮಶಾಸ್ತ್ರದ ಪ್ರಶ್ನೆಯಾಗುತ್ತದೆ. ಶುಕ್ರವಾರ ಸೂರ್ಯ ಮುಳುಗಿದಾಗ ಸಬ್ಬತ್ ಆರಂಭ, ಶನಿವಾರ ರಾತ್ರಿ ನಕ್ಷತ್ರ ಮೂಡಿದಾಗ ಮುಕ್ತಾಯ. ಈ ಅವಧಿಯಲ್ಲಿ ವಾಸದ ಮನೆಗಳಲ್ಲಿ ಬೆಂಕಿ ಹೊತ್ತಿಸಕೂಡದೆಂದು ವಿಮೋಚನಕಾಂಡದ 35ನೆಯ ಅಧ್ಯಾಯದ 3ನೆಯ ವಚನ ವಿಧಿಸುತ್ತದೆ. ಆಜ್ಞೆ ಅಷ್ಟೇ, ಕಾರಣವಿಲ್ಲ, ವಿನಾಯಿತಿಯಿಲ್ಲ, ಚಳಿಗಾಲದ ಪ್ರಸ್ತಾಪವಿಲ್ಲ. ಅರಣ್ಯಕಾಂಡದ 15ನೆಯ ಅಧ್ಯಾಯದಲ್ಲಿ ಸಬ್ಬತ್ತಿನಂದು ಸೌದೆ ಆರಿಸಿದವನೊಬ್ಬನಿಗೆ ಮರಣದಂಡನೆಯಾದ ಪ್ರಸಂಗ ಬರುತ್ತದೆ. ಅವನು ಆ ಸೌದೆಯನ್ನು ಅಡುಗೆಗೆ ಆರಿಸಿದನೋ ಚಳಿ ಕಾಯಿಸಿಕೊಳ್ಳಲು ಆರಿಸಿದನೋ ಎಂಬುದನ್ನು ಅಲ್ಲಿಯೂ ಹೇಳಿಲ್ಲ. ಬೆಂಕಿಯ ಆ ಒಂದು ವಚನದಿಂದ ಎರಡು ಸಾವಿರ ವರ್ಷಗಳ ವಾದ ಹುಟ್ಟಿತು. ವಾದದ ತಿರುಳು ಇಷ್ಟು: ಮನೆಯ ಬೆಚ್ಚನೆ ಮನುಷ್ಯನಿಗೆ ಅಗತ್ಯವೋ, ಬರಿಯ ಸುಖವೋ? ಅಗತ್ಯವಾದರೆ ಅದು ಎಲ್ಲಿಗೆ ಮುಗಿದು ಸುಖ ಎಲ್ಲಿಂದ ಶುರುವಾಗುತ್ತದೆ?

ಮೊದಲು ತೀರ್ಮಾನವಾಗಬೇಕಾಗಿದ್ದುದು ನಿಷೇಧ ಯಾವುದಕ್ಕೆ ಎಂಬುದು. ಹೊತ್ತಿಸುವ ಕ್ರಿಯೆಗೋ, ಉರಿಯುವ ಬೆಂಕಿಗೋ? ಕ್ರಿ.ಶ. 200ರ ಸುಮಾರಿಗೆ ಯೆಹೂದ ಹನಾಸಿ ಸಂಕಲಿಸಿದ ಮಿಶ್ನಾ ಎಂಬ ಧರ್ಮನಿಯಮಗಳ ಸಂಗ್ರಹ ಮೊದಲನೆಯದನ್ನು ಎತ್ತಿಹಿಡಿಯಿತು. ಸಬ್ಬತ್ತಿನಂದು ವರ್ಜ್ಯವಾದ 39 ಬಗೆಯ ಕೆಲಸಗಳನ್ನು ಅದು ಪಟ್ಟಿಮಾಡುತ್ತದೆ. ಬೆಂಕಿ ಹೊತ್ತಿಸುವುದೂ ನಂದಿಸುವುದೂ ಅದರಲ್ಲಿವೆ. ಶುಕ್ರವಾರ ಹಗಲಿನಲ್ಲೇ ಹೊತ್ತಿಸಿದ ಬೆಂಕಿ ತನ್ನಷ್ಟಕ್ಕೆ ಉರಿಯುತ್ತಿದ್ದರೆ ಅಲ್ಲಿ ಮನುಷ್ಯನ ಕೆಲಸವೇನೂ ಇಲ್ಲ, ಆದ್ದರಿಂದ ದೋಷವೂ ಇಲ್ಲ.

ಕ್ರಿ.ಶ. 8ನೆಯ ಶತಮಾನದಲ್ಲಿ ಬಾಗ್ದಾದ್ ಕಡೆಯ ಅನಾನ್ ಬೆನ್ ದಾವೀದ್ ಮತ್ತು ಅವನ ಹಾದಿಯಲ್ಲಿ ಬೆಳೆದ ಕರಾಯಿತರು ಇದನ್ನು ಒಪ್ಪಲಿಲ್ಲ. ಅವರು ಪ್ರಮಾಣವೆಂದು ಮನ್ನಿಸಿದ್ದು ಮೂಲ ವಚನವನ್ನು ಮಾತ್ರ. ರಬ್ಬಿಗಳೆಂಬ ಧರ್ಮಗುರುಗಳ ಬಾಯಿಪರಂಪರೆ ಅವರಿಗೆ ಬೇಡವಾಗಿತ್ತು. ಸಬ್ಬತ್ತಿನ ಮನೆಯಲ್ಲಿ ಬೆಂಕಿ ಇರಕೂಡದು ಎಂದರೆ ಇರಕೂಡದು. ದೀಪವಿಲ್ಲ, ಒಲೆಯಿಲ್ಲ, ಬಿಸಿ ಊಟವಿಲ್ಲ. ರಬ್ಬಿಗಳ ಪಕ್ಷ ಇದಕ್ಕೆ ಕೊಟ್ಟ ಉತ್ತರ ಕುತೂಹಲಕರ. ಬೆಂಕಿ ಇದ್ದರೆ ತಪ್ಪಲ್ಲ ಎನ್ನುವಷ್ಟಕ್ಕೆ ನಿಲ್ಲದೆ, ಬೆಳಕೂ ಬಿಸಿಯೂ ಇರಲೇಬೇಕು ಎಂಬ ಮಟ್ಟಕ್ಕೆ ಆ ಪಕ್ಷ ಹೋಯಿತು. ಸಬ್ಬತ್ತಿನ ದೀಪ ಕಡ್ಡಾಯವಾಗಿತ್ತು. ಅದನ್ನು ಹಚ್ಚುವಾಗ ಪ್ರಾರ್ಥನೆ ಹೇಳುವ ರೂಢಿ ಗಟ್ಟಿಯಾಯಿತು. ರಾತ್ರಿಯೆಲ್ಲ ಒಲೆಯ ಮೇಲೆ ಕುಳಿತ ಬಿಸಿ ಅಡುಗೆಯನ್ನು ಶನಿವಾರ ಮಧ್ಯಾಹ್ನ ಉಣ್ಣುವುದು ಪಂಥನಿಷ್ಠೆಯ ಗುರುತಾಯಿತು. 12ನೆಯ ಶತಮಾನದ ಪ್ರೊವಾನ್ಸಿನ ಜೆರಹಿಯಾ ಹಲೇವಿ ಎಂಬ ಪಂಡಿತ, ಬಿಸಿ ಊಟವನ್ನು ತಿರಸ್ಕರಿಸುವವನ ಶ್ರದ್ಧೆಯನ್ನೇ ಶಂಕಿಸಬೇಕೆಂದು ಬರೆದ. ಮಡಿಯ ಹೆಸರಿನಲ್ಲಿ ಕಷ್ಟಪಡುವವನನ್ನು ಮೆಚ್ಚದೆ ಸಂಶಯದಿಂದ ನೋಡುವ ಧರ್ಮಶಾಸ್ತ್ರಗಳು ವಿರಳ. ಕರಾಯಿತರಲ್ಲೂ ನಿಲುವು ಹಾಗೇ ಉಳಿಯಲಿಲ್ಲ. 15ನೆಯ ಶತಮಾನದಲ್ಲಿ ಒಟ್ಟೋಮನ್ ನಾಡಿನ ಬಶ್ಯಾಚಿ ಮನೆತನದ ಪಂಡಿತರು ಮುಂಚಿತವಾಗಿ ಹಚ್ಚಿದ ದೀಪಕ್ಕೆ ಒಪ್ಪಿಗೆಯಿತ್ತರು. ಅದರಿಂದ ಆ ಸಮುದಾಯ ಎರಡು ಬಣವಾಯಿತು.

ಬೆಂಕಿ ಉಳಿಯಬಹುದು ಎಂದಮೇಲೆ ಮನುಷ್ಯನ ಕೈಯನ್ನು ಅದರಿಂದ ದೂರವಿಡುವ ಕೆಲಸ ಉಳಿಯಿತು. ಕೆಂಡ ಮಂಕಾಗುತ್ತಿದ್ದರೆ ಕೆದಕುವುದು ಮನುಷ್ಯಸ್ವಭಾವ. ಕೆದಕಿದರೆ ಅದು ಹೊತ್ತಿಸಿದಂತೆಯೇ. ಮಿಶ್ನಾದ ಎಚ್ಚರಿಕೆಗಳೆಲ್ಲ ಈ ಒಂದು ಚಪಲದ ಸುತ್ತ ಇವೆ. ಹುಲ್ಲು ಅಥವಾ ಕೂಳೆಯಿಂದ ಕಾಯಿಸಿದ ಒಲೆಯ ಮೇಲೆ ಪಾತ್ರೆ ಬಿಡಬಹುದು, ಏಕೆಂದರೆ ಅಲ್ಲಿ ಕೆದಕಲು ಕೆಂಡವೇ ಉಳಿಯುವುದಿಲ್ಲ. ಸೌದೆಯಿಂದಲೋ ಆಲಿವ್ ಹಿಂಡಿಯಿಂದಲೋ ಕಾಯಿಸಿದ್ದಾದರೆ ಕೆಂಡ ಗುಡಿಸಿ ತೆಗೆಯಬೇಕು, ಇಲ್ಲವೇ ಬೂದಿ ಮುಚ್ಚಬೇಕು. ಚಳಿ ಕಾಯಲು ಹಾಕುವ ಬೆಂಕಿ ಕತ್ತಲಾಗುವ ಮುನ್ನ ಸೌದೆಯ ಬಹುಭಾಗವನ್ನು ಹಿಡಿದಿರಬೇಕು. ಈ ಕೊನೆಯ ನಿಯಮಕ್ಕೆ ಒಂದು ವಿನಾಯಿತಿ ಇದೆ: ಯೆರೂಸಲೇಮಿನ ದೇವಾಲಯದಲ್ಲಿ ಯಾಜಕರು ಮೈ ಕಾಯಿಸಿಕೊಳ್ಳುತ್ತಿದ್ದ ಅಗ್ನಿಶಾಲೆ. ಯಾಜಕರು ಬರಿಗಾಲಲ್ಲಿ ಕಲ್ಲುಹಾಸಿನ ಮೇಲೆ ಸೇವೆ ಮಾಡುತ್ತಿದ್ದರು. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಕೆಲವು ಚಳಿಗಾಲಗಳಲ್ಲಿ ಅಲ್ಲಿ ಹಿಮ ಬೀಳುತ್ತದೆ. ಅಗ್ನಿಶಾಲೆಯ ಬೆಂಕಿ ಆಗತಾನೇ ಹಿಡಿಯುತ್ತಿದ್ದರೂ ಸಾಕು ಎಂದು ಬಿಡಲಾಯಿತು. ಯಾಜಕರು ಎಚ್ಚರದವರು, ಮೈಮರೆತು ಕೆಂಡಕ್ಕೆ ಕೈ ಹಾಕುವವರಲ್ಲ ಎಂಬ ನಂಬಿಕೆ ಇದರ ಹಿಂದಿತ್ತು.

ಕೈ ಹಚ್ಚದೆ ಬಿಸಿ ಪಡೆಯುವ ಜಾಣತನಕ್ಕೂ ಮಿಶ್ನಾದಲ್ಲಿ ಉದಾಹರಣೆ ಸಿಗುತ್ತದೆ. ತಿಬೇರಿಯ ಊರಿನವರು ತಣ್ಣೀರಿನ ಕೊಳವೆಯನ್ನು ಬಿಸಿನೀರಿನ ಬುಗ್ಗೆಯೊಳಗೆ ಹಾಯಿಸಿ, ಸಬ್ಬತ್ತಿನಂದು ತಾನಾಗಿಯೇ ಕಾದು ಬರುವ ನೀರಿನ ವ್ಯವಸ್ಥೆ ಮಾಡಿಕೊಂಡಿದ್ದರು. ಪಂಡಿತರು ಅದಕ್ಕೆ ಒಪ್ಪಲಿಲ್ಲ; ಆ ನೀರಿಗೂ ಸಬ್ಬತ್ತಿನಂದು ಕಾಯಿಸಿದ ನೀರಿನ ನಿಯಮವೇ ಅನ್ವಯವಾಗುತ್ತದೆ ಎಂದರು.

ಇಲ್ಲಿಯವರೆಗಿನ ಚರ್ಚೆಯಲ್ಲಿ ಅಡುಗೆ ಮತ್ತು ದೀಪದ್ದೇ ಮೇಲುಗೈ. ಮಿಶ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮುದ್ ರೂಪುಗೊಂಡ ಯೂಫ್ರೆಟಿಸ್ ತೀರದಲ್ಲಿ ಮನೆ ಕಾಯಿಸುವುದು ಪ್ರಾಣದ ಪ್ರಶ್ನೆಯಾಗಿರಲಿಲ್ಲ. ಆದರೂ ಚಳಿಯ ಬಗ್ಗೆ ಮುಂದೆ ನಿರ್ಣಾಯಕವಾದ ಮಾತುಗಳು ಅಲ್ಲೇ ಬರುತ್ತವೆ. ಬಾಣಂತಿಗಾಗಿ ಸಬ್ಬತ್ತಿನಂದು ಬೆಂಕಿ ಹಾಕಬಹುದು. ಬೇಸಿಗೆಯ ತಮ್ಮೂಜ್ ತಿಂಗಳಾದರೂ ಸರಿ, ಹೆರಿಗೆಯಾದ 30 ದಿನಗಳವರೆಗೆ. ಬಾಣಂತಿಕೋಣೆಯ ಅಗ್ಗಿಷ್ಟಿಕೆ ಕಂಡ ಕನ್ನಡ ಮನೆಗಳಿಗೆ ಇದು ಹೊಸ ವಿಚಾರವಲ್ಲ. ಚಿಕಿತ್ಸೆಗಾಗಿ ರಕ್ತ ತೆಗೆಸಿಕೊಂಡು ಮೈ ತಣ್ಣಗಾದವನಿಗೂ ಹಾಗೆಯೇ. ನೆಹಾರ್ದೆಯಾದ ಶ್ಮುಯೇಲ್ ಪಂಡಿತನೂ ಹೌದು, ವೈದ್ಯನೂ ಹೌದು. ರಕ್ತ ತೆಗೆಸಿಕೊಂಡ ಮೇಲೆ ಅವನಿಗಾಗಿ ತೇಗದ ಕುರ್ಚಿಯೊಂದನ್ನು ಸೀಳಿ ಉರಿಸಿದರೆಂದು ತಾಲ್ಮುದ್ ಹೇಳುತ್ತದೆ. ಆ ಕಾಲದಲ್ಲಿ ಪರ್ಶಿಯಾ ಕೊಲ್ಲಿಯ ನಾಡುಗಳಿಗೆ ತೇಗ ಹೋಗುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ. ಬೆಲೆ ಏನಿದ್ದಿರಬಹುದೆಂದು ಊಹಿಸಬಹುದು. ರಬ್ಬಾ ಎಂಬ ಇನ್ನೊಬ್ಬ ಪಂಡಿತನಿಗಾಗಿ ಪೀಠವೊಂದನ್ನು ಒಡೆದಾಗ ಶಿಷ್ಯ ಅಬಾಯೆ ಆಕ್ಷೇಪಿಸಿದ: ಪದಾರ್ಥವನ್ನು ವ್ಯರ್ಥ ಹಾಳುಮಾಡಬಾರದೆಂಬ ಆಜ್ಞೆ ಮುರಿದಂತಾಗಲಿಲ್ಲವೇ? ತನ್ನ ದೇಹ ಹಾಳಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೇಲು ಎಂಬುದು ರಬ್ಬಾನ ಉತ್ತರ. ಮನೆಯ ಬಿಸಿಯ ತತ್ತ್ವಶಾಸ್ತ್ರದಲ್ಲಿ ಇಷ್ಟು ನೇರವಾದ ವಾದ ಇನ್ನೊಂದು ಸಿಗುವುದು ಕಷ್ಟ. ದೇಹವೂ ಒಂದು ವಸ್ತು, ಚಳಿಯಲ್ಲಿ ಅದನ್ನು ಸವೆಯಿಸುವುದೂ ದುಂದು.

ಇದಕ್ಕೆ ಎದುರು ನಿಲ್ಲುವ ನಿಲುವು ಕರ್ನಾಟಕಕ್ಕೆ ಹೆಚ್ಚು ಪರಿಚಿತ. ಜೈನ ಮುನಿ ಗೆಲ್ಲಬೇಕಾದ 22 ಪರೀಷಹಗಳನ್ನು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೆಸರಿಸುತ್ತದೆ. ಹಸಿವು ಬಾಯಾರಿಕೆಗಳ ಬೆನ್ನಿಗೇ ಬರುವವು ಶೀತ ಮತ್ತು ಉಷ್ಣ. ಶ್ರವಣಬೆಳಗೊಳದಂಥ ಕ್ಷೇತ್ರದಲ್ಲಿ ದಿಗಂಬರ ಮುನಿ ಚಳಿಗೆ ಬಟ್ಟೆಯನ್ನೂ ಬೆಂಕಿಯನ್ನೂ ಆಶ್ರಯಿಸುವಂತಿಲ್ಲ. ಜೈನದೃಷ್ಟಿಯಲ್ಲಿ ಬೆಂಕಿಯೇ ಅಗ್ನಿಕಾಯ ಜೀವಗಳ ನೆಲೆ. ಮೊದಲೇ ಹೊತ್ತಿಸಿದ್ದರೆ ದೋಷವಿಲ್ಲ ಎಂಬ ರಬ್ಬಿಗಳ ತರ್ಕಕ್ಕೆ ಅಲ್ಲಿ ಜಾಗವೇ ಇಲ್ಲ, ಏಕೆಂದರೆ ಉರಿ ಇರುವಷ್ಟು ಹೊತ್ತೂ ಹಿಂಸೆ ಇರುತ್ತದೆ. ವೇದಾಂತವೂ ಶೀತೋಷ್ಣಗಳನ್ನು ಸಹಿಸುವ ತಿತಿಕ್ಷೆಯನ್ನು ಸಾಧಕನ ಆರು ಸಂಪತ್ತುಗಳಲ್ಲಿ ಎಣಿಸುತ್ತದೆ. ಆದರೆ ಈ ಎರಡೂ ಮಾತು ಮುನಿಗೆ, ಸಾಧಕನಿಗೆ ಹೇಳಿದ್ದು. ಸಬ್ಬತ್ತಿನ ನಿಯಮ ಕೂಸು, ಮುದುಕಿ, ಬಾಣಂತಿ ಇರುವ ಮನೆಗೆ ಹೇಳಿದ್ದು. ಹೋಲಿಸುವಾಗ ಈ ಅಂತರವನ್ನು ಮರೆತರೆ ಒಂದನ್ನು ಭೋಗವೆಂದೂ ಇನ್ನೊಂದನ್ನು ಕ್ರೌರ್ಯವೆಂದೂ ತಪ್ಪಾಗಿ ಓದುವಂತಾಗುತ್ತದೆ.

ಪ್ರಶ್ನೆ ನಿಜವಾಗಿ ಬಿಸಿಯೇರಿದ್ದು ಯೆಹೂದ್ಯರು ಜರ್ಮನಿ, ಉತ್ತರ ಫ್ರಾನ್ಸ್, ಪೋಲೆಂಡುಗಳಲ್ಲಿ ನೆಲೆಸಿದಾಗ. ಕೊಂಕಣದಲ್ಲಿ ಶನಿವಾರ ಗಾಣ ನಿಲ್ಲಿಸಿ ‘ಶನಿವಾರ ತೇಲಿ’ಗಳೆನಿಸಿಕೊಂಡ ಬೆನೆ ಇಸ್ರಾಯೇಲರಿಗೂ ಕೊಚ್ಚಿಯ ಯೆಹೂದ್ಯರಿಗೂ ಇದು ಕಾಡಿದ ಸಮಸ್ಯೆಯಲ್ಲ. ರೈನ್ ತೀರದ ಜನವರಿಯಲ್ಲಿ ಶುಕ್ರವಾರ ಸಂಜೆ ತುಂಬಿದ ಸೌದೆ ಶನಿವಾರ ಬೆಳಗಿನವರೆಗೂ ಬಾಳುತ್ತಿರಲಿಲ್ಲ. ಮನೆಗೆಲಸದ ಕ್ರೈಸ್ತ ಹೆಂಗಸು ಬೆಳಿಗ್ಗೆ ಬಂದು ಒಲೆಗೆ ಮತ್ತೆ ಬೆಂಕಿ ಹಾಕುವ ರೂಢಿ ಬೆಳೆಯಿತು. ಆದರೆ ಸ್ವತಃ ಮಾಡಬಾರದ ಕೆಲಸವನ್ನು ಅನ್ಯಧರ್ಮೀಯರಿಂದ ಮಾಡಿಸುವುದನ್ನೂ ರಬ್ಬಿಗಳು ನಿಷೇಧಿಸಿದ್ದರು. 1293ರಲ್ಲಿ ತೀರಿಕೊಂಡ ರೋಥೆನ್‌ಬರ್ಗಿನ ರಬ್ಬಿ ಮೇಯಿರ್ ಈ ರೂಢಿಯನ್ನು ತನ್ನ ಮನೆಯಲ್ಲಿ ಬಿಡಲಿಲ್ಲ. ಹೇಳದಿದ್ದರೂ ಕೆಲಸದಾಕೆ ಬೆಂಕಿ ಹಾಕುತ್ತಾಳೆಂದು ಒಲೆಗೆ ಬಾಗಿಲು ಮಾಡಿಸಿ, ಸಬ್ಬತ್ತಿಗೆ ಮುನ್ನ ಬೀಗ ಹಾಕಿಡುತ್ತಿದ್ದನೆಂದು ಅವನ ಶಿಷ್ಯಪರಂಪರೆ ದಾಖಲಿಸಿದೆ. ಆದರೆ ಎಲ್ಲರ ಮನೆಯ ಒಲೆಗೂ ಬೀಗ ಹಾಕಿಸಲು ಯಾವ ಪಂಡಿತನಿಂದಲೂ ಆಗುವಂತಿರಲಿಲ್ಲ.

ದಾರಿ ತೋರಿಸಿದ್ದು ರೋಗದ ವರ್ಗೀಕರಣ. ಪ್ರಾಣಾಪಾಯವಿದ್ದರೆ ಸಬ್ಬತ್ತಿನ ನಿಯಮಗಳೆಲ್ಲ ಬದಿಗೆ ಸರಿಯುತ್ತವೆ. ಯಾರು ಬೇಕಾದರೂ ಬೆಂಕಿ ಹಾಕಬಹುದು, ಹಾಕಲೇಬೇಕು. ಪ್ರಾಣಾಪಾಯವಿಲ್ಲದ ಕಾಯಿಲೆಯಾದರೆ ಯೆಹೂದ್ಯನು ಮೂಲ ಆಜ್ಞೆ ಮುರಿಯುವಂತಿಲ್ಲ, ಆದರೆ ಅನ್ಯಧರ್ಮೀಯರ ಸಹಾಯ ಕೇಳಬಹುದು. ಚಳಿ ಯಾವ ವರ್ಗಕ್ಕೆ ಸೇರುತ್ತದೆ? ಯೋಸೇಫ್ ಕಾರೋ ಸಿದ್ಧಪಡಿಸಿ 1565ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಶುಲ್ಹಾನ್ ಅರೂಖ್ ಎಂಬ ನಿಯಮಕೋಶ ಇದನ್ನು ಎರಡು ಹಂತದಲ್ಲಿ ಇತ್ಯರ್ಥಪಡಿಸುತ್ತದೆ. ಚಳಿನಾಡುಗಳಲ್ಲಿ ಮಕ್ಕಳಿಗಾಗಿ ಅನ್ಯಧರ್ಮೀಯರು ಬೆಂಕಿ ಹಾಕಬಹುದು. ಹಾಕಿದ ಮೇಲೆ ದೊಡ್ಡವರೂ ಕಾಯಿಸಿಕೊಳ್ಳಬಹುದು. ಚಳಿ ತೀವ್ರವಾಗಿದ್ದರೆ ದೊಡ್ಡವರಿಗಾಗಿಯೇ ಹಾಕಿಸಬಹುದು, ಏಕೆಂದರೆ ಚಳಿಯ ವಿಷಯದಲ್ಲಿ ಎಲ್ಲರನ್ನೂ ಕಾಯಿಲೆಯವರೆಂದೇ ಎಣಿಸಬೇಕು.

ಈ ಕಡೆಯ ತತ್ತ್ವದಲ್ಲಿ ಇಡೀ ಪ್ರಶ್ನೆಗೆ ಒಂದು ಉತ್ತರವಿದೆ. ಚಳಿಯನ್ನು ಸಹನೆಯ ಪರೀಕ್ಷೆಯೆಂದಾಗಲಿ ಪಾಪದ ಫಲವೆಂದಾಗಲಿ ನೋಡದೆ, ದೇಹದ ಸ್ಥಿತಿಯೆಂದು ನೋಡಲಾಗಿದೆ. ಆರೋಗ್ಯವಂತನೂ ಚಳಿಯ ಎದುರು ಕಾಯಿಲೆಯವನಾದ್ದರಿಂದ ಬೆಚ್ಚನೆ ಮದ್ದಿನ ಸಾಲಿಗೆ ಸೇರುತ್ತದೆ, ಭೋಗದ ಸಾಲಿಗಲ್ಲ. ಮಕ್ಕಳ ನೆಪದಲ್ಲಿ ಹಾಕಿದ ಬೆಂಕಿ ದೊಡ್ಡವರಿಗೂ ಸಲ್ಲುತ್ತದೆ ಎಂಬ ಮೊದಲ ಹಂತದ ತರ್ಕವೂ ಗಮನಾರ್ಹ. ಒಬ್ಬನಿಗೆ ಹಚ್ಚಿದ ದೀಪ ನೂರು ಜನಕ್ಕೂ ಬೆಳಗುತ್ತದೆಂಬುದು ತಾಲ್ಮುದಿನ ಹಳೆಯ ನ್ಯಾಯ. ಅಡುಗೆಯಲ್ಲಿ ಇನ್ನೊಬ್ಬರ ಪಾಲಿಗೆ ಇನ್ನಷ್ಟು ಅಕ್ಕಿ ಹಾಕಬೇಕು, ಬಿಸಿಯಲ್ಲಿ ಪಾಲಿಲ್ಲ. ಒಂದು ಕೋಣೆಗೆ ಒಂದೇ ಉಷ್ಣಾಂಶ. ಅಲ್ಲಿರುವವರಲ್ಲಿ ಅತಿ ದುರ್ಬಲ ದೇಹಕ್ಕೆ ಎಷ್ಟು ಬೇಕೋ ಅಷ್ಟು ಎಲ್ಲರಿಗೂ ಸಿಗುತ್ತದೆ.

ಅದೇ ನಿಯಮಕೋಶದ ಅದೇ ಜಾಗದಲ್ಲಿ ಒಂದು ಗೊಣಗಾಟವೂ ಇದೆ: ಚಳಿ ಅಷ್ಟೇನೂ ಇಲ್ಲದ ದಿನವೂ ಕೆಲವರು ಈ ವಿನಾಯಿತಿಯನ್ನು ಬಳಸಿಕೊಳ್ಳುತ್ತಾರೆ, ಅದು ಸರಿಯಲ್ಲ. ಅಂದರೆ ನಾಲ್ಕೂವರೆ ಶತಮಾನಗಳ ಹಿಂದೆಯೇ ಅಗತ್ಯದ ಗೆರೆ ಸುಖದ ಕಡೆಗೆ ಜರುಗುತ್ತಿತ್ತು. 1884ರಿಂದ 1907ರವರೆಗೆ ಆ ನಿಯಮಕೋಶದ ಮೇಲೆ ಕಂತುಕಂತಾಗಿ ಹೊರಬಂದ ಮಿಶ್ನಾ ಬೆರೂರಾ ವ್ಯಾಖ್ಯಾನದಲ್ಲಿ ಇಸ್ರಾಯೇಲ್ ಮೇಯಿರ್ ಕಗಾನ್ ಈಗಿನ ಬೆಲಾರುಸ್‌ನ ರಾದಿನ್ ಊರಿನಿಂದ ಇದೇ ನಿಯಮಗಳನ್ನು ಮತ್ತೆ ವಿವರಿಸಬೇಕಾಯಿತು. ಮೈ ಒಮ್ಮೆ ಬೆಚ್ಚನೆಗೆ ಒಗ್ಗಿದರೆ ನಿನ್ನೆಯ ಹದ ಇಂದು ಚಳಿಯೆನಿಸುತ್ತದೆ; ಕಾಯಿಲೆಯ ತತ್ತ್ವಕ್ಕೆ ಇದನ್ನು ತಡೆಯುವ ಶಕ್ತಿಯಿಲ್ಲ.

ಇನ್ನೊಂದು ಕೊರತೆ ಹೆಚ್ಚು ಗಂಭೀರ. ಸಬ್ಬತ್ತಿನ ವಿಶ್ರಾಂತಿ ಆಳಿಗೂ ತೊತ್ತಿಗೂ ಊರಲ್ಲಿ ನೆಲೆಸಿದ ಪರದೇಶಿಗೂ ಸೇರಿದ್ದೆಂದು ದಶಾಜ್ಞೆಗಳೇ ಹೇಳುತ್ತವೆ. ಬೇರೆಯವರ ಕೈಯಿಂದ ಬರುವ ಬಿಸಿ ಆಜ್ಞೆಯ ಅಕ್ಷರಕ್ಕೆ ಹೊಂದಿದರೂ ಈ ಆಶಯದೊಡನೆ ಸುಲಭವಾಗಿ ಹೊಂದುವುದಿಲ್ಲ. ಚಳಿಯಲ್ಲಿ ನಡೆದು ಬಂದು ಒಲೆ ಹೊತ್ತಿಸಿ ಹೋಗುವ ಕೆಲಸದಾಕೆಯ ಮನೆ ಬೆಚ್ಚಗಿತ್ತೇ ಎಂದು ಈ ಗ್ರಂಥಗಳು ಕೇಳುವುದಿಲ್ಲ. ಕೆಲಸದವರಿದ್ದ ಎಲ್ಲ ನಾಡಿನ ಶಾಸ್ತ್ರಗಳೂ ಈ ವಿಷಯದಲ್ಲಿ ಹೆಚ್ಚುಕಡಿಮೆ ಒಂದೇ.

ವಿದ್ಯುತ್ತು ಬಂದಮೇಲೆ ಕೆಲಸದಾಕೆಯ ಜಾಗಕ್ಕೆ ಯಂತ್ರ ಬಂತು, ಮತ್ತು ಹಳೆಯ ಪ್ರಶ್ನೆ ಹೊಸದಾಗಿ ಎದ್ದಿತು. ಹೀಟರಿನ ಕೆಂಪಗೆ ಕಾದ ಸುರುಳಿ ಬೆಂಕಿಯೇ? ಲೋಹವನ್ನು ಕೆಂಪಗೆ ಕಾಯಿಸುವುದನ್ನು ಯೆಹೂದ್ಯ ಪಂಡಿತ ಮೈಮೋನಿಡಿಸ್ 12ನೆಯ ಶತಮಾನದಲ್ಲೇ ಹೊತ್ತಿಸುವಿಕೆಯ ಬಗೆಯೆಂದು ಎಣಿಸಿದ್ದರಿಂದ ಇದಕ್ಕೆ ಉತ್ತರ ಕಷ್ಟವಾಗಲಿಲ್ಲ: ಹೌದು. ಸುರುಳಿಯೇ ಇಲ್ಲದ ಉಪಕರಣದ ಸ್ವಿಚ್ಚಿನ ಬಗ್ಗೆ ಒಮ್ಮತ ಮೂಡಲಿಲ್ಲ. ಹಜೋನ್ ಇಶ್ ಎಂದು ಪ್ರಸಿದ್ಧರಾದ ಅವ್ರಹಾಮ್ ಯೆಶಾಯ ಕರೆಲಿಟ್ಸ್ (1878–1953) ವಿದ್ಯುತ್ ಮಂಡಲ ಪೂರ್ಣಗೊಳಿಸುವುದನ್ನು ಕಟ್ಟುವ ಕೆಲಸದ ವರ್ಗಕ್ಕೆ ಸೇರಿಸಿದರು. ಯೆರೂಸಲೇಮಿನ ಶ್ಲೋಮೋ ಜಾಲ್ಮನ್ ಅವರ್‌ಬಾಖ್ (1910–1995) ಆ ವಾದವನ್ನು ಒಪ್ಪಲಿಲ್ಲ. ಆದರೂ ರೂಢಿಯನ್ನು ಸಡಿಲಿಸಬಾರದೆಂದರು.

ಮುಂಚಿತವಾಗಿ ಹೊಂದಿಸಿಟ್ಟ ಟೈಮರ್ ಮಿಶ್ನಾದ ತರ್ಕಕ್ಕೆ ಸರಿಹೊಂದುವಂತೆ ಕಾಣುತ್ತದೆ: ಮನುಷ್ಯನ ಕೆಲಸ ಶುಕ್ರವಾರವೇ ಮುಗಿದಿರುತ್ತದೆ. ನ್ಯೂಯಾರ್ಕಿನ ಮೋಶೆ ಫೈನ್‌ಸ್ಟೈನ್ (1895–1986) ಮಾತ್ರ ದೀಪಕ್ಕಷ್ಟೇ ಅದನ್ನು ಒಪ್ಪಿ, ಅಡುಗೆಯಂಥ ಕೆಲಸಗಳಿಗೆ ಬೇಡವೆಂದರು. ಟೈಮರ್ ಇಟ್ಟು ಎಲ್ಲವನ್ನೂ ಮಾಡಿಸಬಹುದಾದರೆ ಕಾರ್ಖಾನೆಯನ್ನೂ ನಡೆಸಬಹುದು, ಆಗ ಸಬ್ಬತ್ತಿನ ಘನತೆ ಉಳಿಯುವುದಿಲ್ಲ ಎಂಬುದು ಅವರ ಆತಂಕ. ಬಳಕೆ ಅವರ ಮಾತನ್ನು ಮೀರಿ ಹೋಗಿದೆ. ಹೀಟರು, ಏಸಿಗಳಿಗೆ ಟೈಮರ್ ಇಡುವುದು ಈಗ ನಿಷ್ಠಾವಂತರ ಮನೆಗಳಲ್ಲೂ ಸಾಮಾನ್ಯ.

ಥರ್ಮೋಸ್ಟಾಟ್ ಇದಕ್ಕಿಂತ ತೊಡಕಿನದು. ಟೈಮರ್ ಗಡಿಯಾರವನ್ನು ನೋಡುತ್ತದೆ, ಥರ್ಮೋಸ್ಟಾಟ್ ಕೋಣೆಯನ್ನು ನೋಡುತ್ತದೆ, ಕೋಣೆಯಲ್ಲಿ ಮನುಷ್ಯರಿರುತ್ತಾರೆ. ಬಾಗಿಲು ತೆರೆದರೆ ತಣ್ಣನೆ ಗಾಳಿ ಒಳಬರುತ್ತದೆ, ಉಷ್ಣಾಂಶ ಇಳಿಯುತ್ತದೆ, ಮನೆ ಕಾಯಿಸುವ ಕುಲುಮೆ ಹೊತ್ತಿಕೊಳ್ಳುತ್ತದೆ. ಹೊತ್ತಿಸಿದವರು ಯಾರು? ನೇರವಾಗಿ ಮಾಡದೆ ಪರೋಕ್ಷವಾಗಿ ಕಾರಣವಾಗುವುದನ್ನು ತಾಲ್ಮುದ್ ಬೇರೆ ವರ್ಗವಾಗಿ ಗುರುತಿಸುತ್ತದೆ. ಬೆಂಕಿ ಹರಡುವ ದಾರಿಯಲ್ಲಿ ನೀರು ತುಂಬಿದ ಮಡಕೆಗಳನ್ನಿಟ್ಟರೆ ಅವು ಒಡೆದು ಬೆಂಕಿ ಆರುವುದು ಅದರ ಹಳೆಯ ಉದಾಹರಣೆ. ಫ್ರಿಜ್ಜಿನ ಬಾಗಿಲು ತೆರೆದಾಗ ಮೋಟಾರು ಶುರುವಾಗುವ ಪ್ರಶ್ನೆಯಲ್ಲಿ ಅವರ್‌ಬಾಖ್ ಉದಾರ ನಿಲುವು ತಳೆದರು: ತೆರೆಯುವವನ ಉದ್ದೇಶ ಅದಲ್ಲ, ಪರಿಣಾಮವೂ ತಕ್ಷಣದ್ದಲ್ಲ. ಮನೆಯ ಬಾಗಿಲಿಗೂ ಈ ತರ್ಕ ಒಗ್ಗುತ್ತದೆ. ಕುಲುಮೆ ಉರಿಯುತ್ತಿರುವಾಗಲೇ ಥರ್ಮೋಸ್ಟಾಟಿನ ಅಂಕಿಯನ್ನು ಏರಿಸಿದರೆ ಹೊಸದಾಗಿ ಏನೂ ಹೊತ್ತಿಕೊಳ್ಳುವುದಿಲ್ಲ, ಇರುವ ಬೆಂಕಿಯ ಆಯುಷ್ಯವಷ್ಟೇ ಹೆಚ್ಚುತ್ತದೆ ಎಂಬ ವಾದವೂ ಇದೆ. ಹೆಚ್ಚಿನವರು ಅದನ್ನು ಮುಟ್ಟದಿರುವುದೇ ಲೇಸೆನ್ನುತ್ತಾರೆ.

ನೀರಿನ ಬಿಸಿಗೆ ಈ ಶಾಸ್ತ್ರದಲ್ಲಿ ಅಳತೆಯುಂಟು. ಮುಟ್ಟಿದ ಕೈ ತಾನಾಗಿ ಹಿಂದೆ ಸರಿಯುವಷ್ಟು ಕಾದರೆ ಅದು ‘ಬೇಯಿಸಿದ’ ನೀರು. ಎಚ್ಚರಿಕೆಯ ಪಕ್ಷದವರು ಇದನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿಯುತ್ತಾರೆ. ಇಸ್ರೇಲಿನಲ್ಲಿ 1980ರಿಂದ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯವಾದ ಮೇಲೆ ಈ ಅಳತೆಗೆ ಕೆಲಸ ಹೆಚ್ಚಿತು. ಬಿಸಿಲಿನಲ್ಲೇ ನೇರವಾಗಿ ಬೇಯಿಸುವುದು ತಾಲ್ಮುದಿನ ಪ್ರಕಾರ ಮೂಲ ನಿಷೇಧಕ್ಕೆ ಸೇರದು. ಆದರೆ ನಲ್ಲಿ ತಿರುಗಿಸಿದಾಗ ತೊಟ್ಟಿಗೆ ನುಗ್ಗುವ ತಣ್ಣೀರನ್ನು ಕಾಯಿಸುವುದು ಬಿಸಿಲೋ, ಬಿಸಿಲಿನಿಂದ ಕಾದ ನೀರೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕೋಣೆಯ ಬಿಸಿಗೆ ಅಂಥ ಅಂಕಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಚಳಿ ಮತ್ತು ಸಮಶೀತೋಷ್ಣ ಹವೆಯ ನಾಡುಗಳಿಗೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ಸೂಚಿಸಿತು. ಮುದುಕರು, ಮಕ್ಕಳು, ದೀರ್ಘಕಾಲದ ಕಾಯಿಲೆಯವರು ಇದ್ದರೆ ಇನ್ನೂ ಹೆಚ್ಚು ಬೇಕಾಗಬಹುದೆಂದಿತು. ಆ ಎರಡನೆಯ ಮಾತಿನಲ್ಲಿ ಸಂಸ್ಥೆ ಶುಲ್ಹಾನ್ ಅರೂಖಿನ ಬಳಿಗೇ ಬರುತ್ತದೆ. ಅಂಕಿಯನ್ನು ಮೊದಲು ನಿಗದಿಮಾಡಿ ದುರ್ಬಲರಿಗೆ ವಿನಾಯಿತಿ ಕೊಡುವುದು ಒಂದು ಕ್ರಮ. ದುರ್ಬಲರಿಂದಲೇ ಆರಂಭಿಸುವುದು ಇನ್ನೊಂದು. ಎರಡನೆಯದು ಹೆಚ್ಚು ಮಾನವೀಯ, ಆದರೆ ಯಂತ್ರಕ್ಕೆ ಹೇಳಿಕೊಡಲು ಬಾರದು.

ಈಚಿನ ಸ್ಮಾರ್ಟ್ ಥರ್ಮೋಸ್ಟಾಟುಗಳು ಕೋಣೆಯಲ್ಲಿ ಚಲನೆ ಕಂಡರೆ ಕಾಯಿಸುತ್ತವೆ, ಯಾರೂ ಇಲ್ಲವೆಂದು ತೋರಿದರೆ ತಣ್ಣಗೆ ಬಿಡುತ್ತವೆ. ಹೀಗಾದಾಗ ಹಾಸಿಗೆಯಿಂದ ಎದ್ದು ನಡೆಯುವುದೇ ಬೆಂಕಿ ಹೊತ್ತಿಸಿದಂತಾಗುತ್ತದೆ. ಮಾಡುವುದಕ್ಕೂ ಇರುವುದಕ್ಕೂ ನಡುವೆ ಮಿಶ್ನಾ ಎಳೆದ ಗೆರೆಯನ್ನು ಅಳಿಸಿದ ಮೊದಲ ಒಲೆ ಇದು. ಸದ್ಯದ ಪರಿಹಾರ ಸರಳ: ಶುಕ್ರವಾರ ಸೂರ್ಯ ಮುಳುಗುವ ಮುನ್ನ ಚಲನೆ ಗುರುತಿಸುವ ಭಾಗವನ್ನು ಆಫ್ ಮಾಡಿ, ಒಂದೇ ಅಂಕಿಗೆ ನಿಲ್ಲಿಸಿಬಿಡುವುದು. ರಾತ್ರಿ ಕುಲುಮೆ ಕೆಟ್ಟು ಮನೆ ತಣ್ಣಗಾಗಿ, ಒಳಗೆ ಚಿಕ್ಕ ಮಗುವಿದ್ದರೆ, 1565ರ ನಿಯಮ ಇಂದಿಗೂ ಜಾರಿಯಲ್ಲಿದೆ: ಪಕ್ಕದ ಮನೆಯ ಅನ್ಯಧರ್ಮೀಯರ ಬಾಗಿಲು ತಟ್ಟಬಹುದು.